ಅಬ್ಬಿ ನೀರಿನ ನಕ್ಷೆ: ಸ್ಕ್ಯಾನ್ ಚಿತ್ರದಿಂದ ಜಿಯೋಪಿಡಿಎಫ್ ತನಕ

ನಕ್ಷೆಯ ಪಿಡಿಎಫ್ ಫೋನಿನಲ್ಲಿ ತೆರೆಯಿತು. ಸರ್ವೆ ನಂಬರ್, ಹಳ್ಳ, ಕೆರೆ, ಗಡಿ ಗೆರೆ ಎಲ್ಲವನ್ನೂ ಚೆನ್ನಾಗಿ ಓದಬಹುದು. ಆದರೆ ನಾವು ನಿಂತ ಜಾಗ ತೋರಿಸುವ ನೀಲಿ ಚುಕ್ಕೆ ಮಾತ್ರ ಇಲ್ಲ. ಫೋನಿನಲ್ಲಿ ನಕ್ಷೆ ತೆರೆಯುವ ಆ್ಯಪ್ ಅವೆಂಜಾ ಮ್ಯಾಪ್ಸ್ ಆ ಫೈಲನ್ನು ಬರೀ ಚಿತ್ರ ಅಂತ ತೆಗೆದುಕೊಂಡಿತ್ತು. ಕ್ಯೂಜಿಐಎಸ್‌ನಲ್ಲಿ (ಕಂಪ್ಯೂಟರಿನಲ್ಲಿ ನಕ್ಷೆ ಕೆಲಸ ಮಾಡುವ ತಂತ್ರಾಂಶ) ಅದೇ ನಕ್ಷೆ ಉಪಗ್ರಹ ಚಿತ್ರದ ಮೇಲೆ ಸರಿಯಾಗಿ ಕೂತಿತ್ತು. ಅಂದರೆ ಕಂಪ್ಯೂಟರಿನಿಂದ ಫೋನಿಗೆ ಬರುವ ದಾರಿಯಲ್ಲಿ ಎಲ್ಲೋ ಜಾಗದ ಮಾಹಿತಿ ಉದುರಿಹೋಗಿದೆ. ಅದನ್ನು ಹುಡುಕಿ ಸರಿ ಮಾಡಿದ್ದು ಹೇಗೆ ಅಂತ ಇಲ್ಲಿ ಬರೆದಿಡುತ್ತೇನೆ. ಮಲೆನಾಡಿನ ಬೇರೆ ಊರುಗಳಲ್ಲೂ ಇದೇ ಕೆಲಸಕ್ಕೆ ಕೈ ಹಾಕುವವರು ಇರುತ್ತಾರೆ, ಅವರಿಗೆ ಉಪಯೋಗಕ್ಕೆ ಬರಲಿ.

ಮೊದಲು, ಈ ನಕ್ಷೆ ಯಾಕೆ ಬೇಕಾಯಿತು ಅಂತ. ತೀರ್ಥಹಳ್ಳಿ ತಾಲೂಕಿನ ನಮ್ಮ ಕಡೆ ಸುಮಾರು ಮನೆಗಳಿಗೆ ಗುಡ್ಡದ ಅಬ್ಬಿ ನೀರೇ ಆಧಾರ. ಮೇಲೆ ಕಾನಿನೊಳಗೆ ಒರತೆ. ಅಲ್ಲಿಂದ ಪೈಪು ಸೊಪ್ಪಿನಬೆಟ್ಟ ಇಳಿದು, ಹಳ್ಳ ದಾಟಿ, ತೋಟದ ಅಗಳದ ಪಕ್ಕದಲ್ಲೇ ಬಂದು ಮನೆ ಸೇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದರೆ, ಹಂದಿ ಕೆದಕಿದರೆ ನೀರು ನಿಂತಿತು ಅಂತಲೇ ಲೆಕ್ಕ. ಆಗ ಜಾಯಿಂಟ್ ಎಲ್ಲಿದೆ, ಗಾಳಿ ಬಿಡುವ ವಾಲ್ವ್ ಎಲ್ಲಿದೆ ಅಂತ ಹೇಳಬಲ್ಲವರು ಊರಿನ ಇಬ್ಬರು ಮೂವರು ಹಿರಿಯರು ಮಾತ್ರ. ಅವರಿಗೆ ಈಗ ಗುಡ್ಡ ಹತ್ತುವುದು ಕಷ್ಟ. ಅವರ ತಲೆಯಲ್ಲಿರುವುದು ನಮ್ಮ ಫೋನಿಗೆ ಬರಬೇಕು, ಅದೂ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಕೆಲಸ ಮಾಡಬೇಕು. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ, ಅದು ಒಳ್ಳೆಯ ಅನುಕೂಲ. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ಕಾನಿನೊಳಗೆ ಸಿಗ್ನಲ್ ಇರುವುದಿಲ್ಲ. ಜಿಪಿಎಸ್‌ಗೆ ಮಾತ್ರ ನೆಟ್‌ವರ್ಕ್ ಬೇಡ, ಮೇಲೆ ಸ್ವಲ್ಪ ಆಕಾಶ ಕಂಡರೆ ಸಾಕು. ಹಾಗಾಗಿ ಜಾಗದ ಮಾಹಿತಿ ಒಳಗೇ ಇರುವ ಪಿಡಿಎಫ್, ಅಂದರೆ ಜಿಯೋಪಿಡಿಎಫ್, ನಮಗೆ ಸರಿಹೋಗುತ್ತದೆ. ಒಂದು ಸಲ ಫೋನಿಗೆ ಹಾಕಿಕೊಂಡರೆ ಮುಗಿಯಿತು.

ಮೂಲ ಚಿತ್ರ

ಕೈಯಲ್ಲಿದ್ದದ್ದು ಹಳೆಯ ಗ್ರಾಮ ನಕ್ಷೆ. ಅಳತೆ 1:7920, ಅಂದರೆ ಒಂದು ಮೈಲಿಗೆ ಎಂಟು ಇಂಚು. ಊರಿನ ಗುಂಪಿನಲ್ಲಿ ಓಡಾಡುತ್ತಿದ್ದದ್ದು ಅದರ ಫೋಟೋ. ಯಾರೋ ಮೇಜಿನ ಮೇಲೆ ಹರಡಿ, ಓರೆಯಾಗಿ ನಿಂತು ತೆಗೆದದ್ದು. ವಾಟ್ಸಾಪ್‌ನಲ್ಲಿ ಕೈಯಿಂದ ಕೈಗೆ ಹೋಗಿ ಸಣ್ಣ ಅಂಕಿಗಳೆಲ್ಲ ಅಳಿಸಿಹೋಗಿದ್ದವು. ಓರೆ ಫೋಟೋದಲ್ಲಿ ದೂರದ ಅಂಚು ಚಿಕ್ಕದಾಗುತ್ತದೆ, ಹತ್ತಿರದ್ದು ದೊಡ್ಡದಾಗುತ್ತದೆ. ಕ್ಯೂಜಿಐಎಸ್‌ನ ಪ್ರೊಜೆಕ್ಟಿವ್ ಎಂಬ ಆಯ್ಕೆ ಇದನ್ನು ಸ್ವಲ್ಪ ನೇರ ಮಾಡುತ್ತದೆ, ಆದರೆ ಕಾಗದದ ಮಡಿಕೆ, ಉಬ್ಬುಗಳನ್ನು ಅದು ಸರಿ ಮಾಡಲಾರದು. ಅಸಲು ಕಾಗದ ಸಿಗುವಾಗ ಫೋಟೋದ ಜೊತೆ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಶಿವಮೊಗ್ಗದಲ್ಲಿ ಕಟ್ಟಡದ ಪ್ಲಾನ್ ಪ್ರಿಂಟ್ ಹಾಕಿಕೊಡುವ ಅಂಗಡಿಯಲ್ಲಿ ದೊಡ್ಡ ರೋಲರ್ ಸ್ಕ್ಯಾನರ್ ಇತ್ತು. 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಟಿಫ್ ಎಂಬ ಚಿತ್ರದ ಫೈಲ್ ಮಾಡಿಸಿ ಪೆನ್ ಡ್ರೈವಿಗೆ ಹಾಕಿಸಿಕೊಂಡೆ.

300 ಡಿಪಿಐ ಸಾಕಾ? ಲೆಕ್ಕ ಹಾಕಿದರೆ ಸಾಕು. ಈ ನಕ್ಷೆಯಲ್ಲಿ ಕಾಗದದ ಒಂದು ಮಿಲಿಮೀಟರ್ ಅಂದರೆ ನೆಲದಲ್ಲಿ ಸುಮಾರು 8 ಮೀಟರ್. 300 ಡಿಪಿಐನಲ್ಲಿ ಒಂದು ಪಿಕ್ಸೆಲ್ ನೆಲದ ಮೇಲೆ ಸುಮಾರು 67 ಸೆಂಟಿಮೀಟರ್ ಆಗುತ್ತದೆ. ಗಡಿ ಗೆರೆಯ ಶಾಯಿಯೇ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಅದೇ 4 ಮೀಟರ್ ಆಯಿತು. ಇದಕ್ಕಿಂತ ಜಾಸ್ತಿ ಡಿಪಿಐ ಹಾಕಿದರೆ ಫೈಲ್ ದಪ್ಪ ಆಗುತ್ತದೆ ಅಷ್ಟೇ, ಹೊಸ ಮಾಹಿತಿ ಏನೂ ಬರುವುದಿಲ್ಲ.

ರೋಲರ್ ಸ್ಕ್ಯಾನರ್‌ನಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು. ಕಾಗದ ಉರುಳುವ ದಿಕ್ಕಿನಲ್ಲಿ ಚಿತ್ರ ಸ್ವಲ್ಪ ಎಳೆಯಬಹುದು. ಕಾಗದದ ಮೇಲೆ ಸ್ಕೇಲ್ ಇಟ್ಟು ಉದ್ದಕ್ಕೆ ಹತ್ತು ಇಂಚು, ಅಡ್ಡಕ್ಕೆ ಹತ್ತು ಇಂಚು ಗುರುತು ಮಾಡಿಕೊಂಡಿದ್ದೆ. ಚಿತ್ರದಲ್ಲಿ ಅಷ್ಟೇ ದೂರ 3000 ಪಿಕ್ಸೆಲ್ ಬರಬೇಕು. ಅಡ್ಡಕ್ಕೆ ಸರಿಯಾಗಿ ಬಂತು, ಉದ್ದಕ್ಕೆ ಹತ್ತಾರು ಪಿಕ್ಸೆಲ್ ಜಾಸ್ತಿ ಇತ್ತು. ಗಾಬರಿ ಆಗುವಂಥದ್ದೇನಲ್ಲ. ಆದರೆ ಈ ಕಾರಣಕ್ಕೆ, ಚಿತ್ರವನ್ನು ನೆಲದ ಜಾಗಕ್ಕೆ ಹೊಂದಿಸುವ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ಹೆಲ್ಮರ್ಟ್ ಆಯ್ಕೆ ಬಿಡಬೇಕು. ಅದು ಎರಡೂ ದಿಕ್ಕಿಗೆ ಒಂದೇ ಅಳತೆ ಅಂದುಕೊಳ್ಳುತ್ತದೆ. ಪಾಲಿನಾಮಿಯಲ್ 1 ಆದರೆ ಉದ್ದ ಅಡ್ಡ ಎರಡಕ್ಕೂ ಬೇರೆ ಬೇರೆ ಅಳತೆ ಒಪ್ಪಿಕೊಳ್ಳುತ್ತದೆ.

ನೆಲದ ಮೇಲಿನ ಗುರುತುಗಳು

ಸರ್ವೆ ಆಫ್ ಇಂಡಿಯಾದ ಟೋಪೋ ಹಾಳೆಯ (ಗುಡ್ಡದ ಎತ್ತರ ಗೆರೆ ಇರುವ ನಕ್ಷೆ) ಮೂಲೆಗಳಲ್ಲಿ ಅಕ್ಷಾಂಶ ರೇಖಾಂಶ ಬರೆದಿರುತ್ತದೆ. ನಮ್ಮ ಗ್ರಾಮ ನಕ್ಷೆಯಲ್ಲಿ ಅದು ಯಾವುದೂ ಇಲ್ಲ. ನಕ್ಷೆಯಲ್ಲೂ ಇರುವ, ನೆಲದಲ್ಲೂ ಉಳಿದಿರುವ ಜಾಗಗಳನ್ನು ನಾವೇ ಹುಡುಕಿ ಅಲ್ಲಿನ ಜಿಪಿಎಸ್ ಬರೆದುಕೊಳ್ಳಬೇಕು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡಿದ್ದು, ಹೆಚ್ಚು ಖುಷಿ ಕೊಟ್ಟಿದ್ದು ಇದೇ. ಬಾಂದು ಕಲ್ಲು, ಕೆರೆ ಏರಿಯ ಮೂಲೆ, ಮೂರು ಊರಿನ ಗಡಿ ಕೂಡುವ ಕಲ್ಲು. ಇವು ಜಾಗ ಬಿಟ್ಟು ಕದಲುವುದಿಲ್ಲ. ಹಳ್ಳದ ತಿರುವು ಬೇಡ, ಅದು ಮಳೆಗೆ ಜಾಗ ಬದಲಿಸುತ್ತದೆ.

ಮೂರೂರಿನ ಕಲ್ಲು ಹುಡುಕಲು ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿದ್ದೆ. ಬ್ಯಾಣ ಮುಗಿದು ಕಾನು ಶುರುವಾಗುವಲ್ಲಿ ನಿಂತು ಸುತ್ತ ನೋಡಿದರು.

“ಇಲ್ಲೇ ಇರ್ಬೇಕು ಮಾರಾಯ. ಆ ದರಗಿನ ರಾಶಿ ಸರಿಸು ನೋಡೋಣ.”

“ಇಲ್ಲೇನೂ ಕಾಣ್ತಿಲ್ಲ ಚಿಕ್ಕಪ್ಪ.”

“ಇನ್ನೊಂದ್ ಮಾರು ಕೆಳಗೆ. ಕತ್ತಿ ಹಿಂಬದಿಯಿಂದ ತಟ್ಟು, ಕಲ್ಲಾದ್ರೆ ಗೊತ್ತಾಗತ್ತೆ.”

ಕತ್ತಿಯ ಹಿಂಬದಿ ಟಣ್ ಅಂದಿತು. ಪಾಚಿ ಕೆರೆದರೆ ಕಲ್ಲಿನ ನೆತ್ತಿಯ ಮೇಲೆ ಉಳಿ ಹೊಡೆದ ಗುರುತು ಸ್ಪಷ್ಟವಾಗಿ ಕಂಡಿತು. ಫೋನನ್ನು ಕಲ್ಲಿನ ಮೇಲೆ ಇಟ್ಟು, ನಾವಿಬ್ಬರೂ ಪಕ್ಕಕ್ಕೆ ಸರಿದು, ಕಾಲಿನ ಇಂಬಳ ಕೀಳುತ್ತ ಕಾದೆವು. ಮರದಡಿ ಜಿಪಿಎಸ್ ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲು 15 ಮೀಟರಿನ ಅಂದಾಜು ತೋರಿಸುತ್ತದೆ, ಸ್ವಲ್ಪ ಹೊತ್ತಿಗೆ 5ಕ್ಕೆ ಇಳಿಯುತ್ತದೆ. ಬಂದ ತಕ್ಷಣ ಒಂದು ಅಂಕಿ ಬರೆದುಕೊಂಡು ಹೊರಡಬಾರದು. ನಿಂತು, ಸರಾಸರಿ ತೆಗೆಯುವ ಆ್ಯಪ್ ಇದ್ದರೆ ಅದರಲ್ಲೇ ಉಳಿಸಿಕೊಳ್ಳಬೇಕು.

ಹೀಗೆ ಹನ್ನೆರಡು ಗುರುತುಗಳನ್ನು ಊರಿನ ನಾಲ್ಕೂ ಕಡೆ, ನಡುವೆಯೂ ಬರುವ ಹಾಗೆ ಆರಿಸಿದ್ದಾಯಿತು. ಪಾಲಿನಾಮಿಯಲ್ 1ಕ್ಕೆ ಮೂರು ಗುರುತು ಇದ್ದರೂ ನಡೆಯುತ್ತದೆ. ಆದರೆ ಮೂರೇ ಇದ್ದರೆ ತಪ್ಪು ಎಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ, ಪಟ್ಟಿಯಲ್ಲಿ ಎಲ್ಲವೂ ಸೊನ್ನೆ ತೋರಿಸುತ್ತದೆ. ಹನ್ನೆರಡು ಇದ್ದರೆ ಯಾವುದು ಉಳಿದವುಗಳ ಜೊತೆ ಹೊಂದುತ್ತಿಲ್ಲ ಅಂತ ಹೇಳುತ್ತದೆ. ನಮ್ಮಲ್ಲಿ ಹನ್ನೊಂದು ಗುರುತುಗಳ ವ್ಯತ್ಯಾಸ 10 ಮೀಟರಿನೊಳಗೆ ಬಂತು, ಒಂದು ಮಾತ್ರ 40 ದಾಟಿತು. ಅದು ರಸ್ತೆಯ ಮೋರಿ. ಚಿಕ್ಕಪ್ಪನನ್ನು ಕೇಳಿದರೆ ಕಾರಣ ಸಿಕ್ಕಿತು. ನಕ್ಷೆಯಲ್ಲಿರುವುದು ಹಳೆಯ ಗಾಡಿದಾರಿಯ ಮೋರಿ, ಟಾರು ಹಾಕುವಾಗ ತಿರುವು ನೇರ ಮಾಡಿ ಹೊಸ ಮೋರಿ ಕಟ್ಟಿದ್ದಾರೆ. ಆ ಗುರುತನ್ನು ತೆಗೆದುಹಾಕಿದೆ.

ಇಲ್ಲಿ ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ಎಲ್ಲ ವ್ಯತ್ಯಾಸವೂ ಸೊನ್ನೆ ಆಗುತ್ತದೆ. ಅದನ್ನು ನೋಡಿ ಮೋಸ ಹೋಗಬೇಡಿ. ಅದು ಪ್ರತಿ ಗುರುತಿಗೂ ಚಿತ್ರವನ್ನು ಎಳೆದು ಜಗ್ಗಿ ಕೂರಿಸುತ್ತದೆ. ಜಿಪಿಎಸ್ ಎಂಟು ಮೀಟರ್ ತಪ್ಪು ಹೇಳಿದ್ದರೆ ನಕ್ಷೆಯೂ ಅಲ್ಲಿ ಎಂಟು ಮೀಟರ್ ಸೊಟ್ಟ ಆಗುತ್ತದೆ. ಮೋರಿಯನ್ನೂ ಅದು ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತಿತ್ತು.

ಇನ್ನೊಂದು ಪರೀಕ್ಷೆ ಸರ್ವೆಯ ಹಳೆಯ ಟಿಪ್ಪಣಿಯಿಂದ (ಜಮೀನಿನ ಅಳತೆ ಬರೆದ ಹಾಳೆ) ಸಿಕ್ಕಿತು. ಟಿಪ್ಪಣಿಯಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಗುಂಟೆ ಅಂದರೆ ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ. ನಮ್ಮ ಗದ್ದೆಯ ಒಂದು ಬದಿ 12 ಸರಪಳಿ 8 ಆಣೆ ಅಂತ ಇತ್ತು, ಅಂದರೆ 412.5 ಅಡಿ, ಸುಮಾರು 125.7 ಮೀಟರ್. ಕ್ಯೂಜಿಐಎಸ್‌ನಲ್ಲಿ ಅದೇ ಬದಿಯನ್ನು ಅಳೆದರೆ 127 ಬಂತು. ಫೋನಿಗೂ ಉಪಗ್ರಹಕ್ಕೂ ಸಂಬಂಧವೇ ಇಲ್ಲದ ಸರಪಳಿಯ ಅಳತೆ ಇಷ್ಟು ಹತ್ತಿರ ಬಂದಾಗ ನಕ್ಷೆಯ ಮೇಲೆ ನಂಬಿಕೆ ಬಂತು.

ಜಾಗದ ಮಾಹಿತಿ ಉದುರಿದ್ದೆಲ್ಲಿ

ಈಗ ಆ ಕಾಣದ ಚುಕ್ಕೆಯ ವಿಷಯ. ಚಿತ್ರಕ್ಕೆ ಹನ್ನೊಂದು ಗುರುತು ಅಂಟಿಸಿ, ನಕ್ಷೆ ಫೈಲುಗಳನ್ನು ಬದಲಿಸುವ ತಂತ್ರಾಂಶ ಜಿಡಾಲ್‌ನ ಟ್ರಾನ್ಸ್‌ಲೇಟ್‌ನಿಂದ ನೇರ ಪಿಡಿಎಫ್ ಮಾಡಿದ್ದು. ಎರರ್ ಬರಲಿಲ್ಲ. ಆದರೆ ಜಿಡಾಲ್‌ನ ಇನ್ಫೋ ಆ ಪಿಡಿಎಫ್ ಬಗ್ಗೆ ಏನು ಹೇಳುತ್ತದೆ ಅಂತ ನೋಡಿದರೆ ಮೂಲೆಗಳ ಜಾಗದಲ್ಲಿ ಬರೀ ಪಿಕ್ಸೆಲ್ ಅಂಕಿ, ಸೊನ್ನೆಯಿಂದ ಶುರು. ಜಾಗದ ಮಾಹಿತಿ ಫೈಲಿನೊಳಗೆ ಹೋಗಿಯೇ ಇಲ್ಲ.

ಕಾರಣ ಪಿಡಿಎಫ್ ಕೆಲಸ ಮಾಡುವ ರೀತಿಯಲ್ಲಿದೆ. ಪಿಡಿಎಫ್‌ನಲ್ಲಿ ಪುಟದ ಒಂದು ಚೌಕವನ್ನು ಹೆಸರಿಸಿ, ಅದರ ಮೂಲೆಗಳು ಭೂಮಿಯ ಮೇಲೆ ಎಲ್ಲಿವೆ ಅಂತ ಬರೆದಿಡುತ್ತಾರೆ. ಎಲ್ಲೆಲ್ಲೋ ಚದುರಿದ ಹನ್ನೊಂದು ಗುರುತುಗಳನ್ನು ಜಿಡಾಲ್ ಅದಕ್ಕೆ ಬರೆಯುವುದಿಲ್ಲ. ಒಂದೋ ನೇರ ಕೂತ ಚಿತ್ರ ಕೊಡಬೇಕು, ಇಲ್ಲ ಸರಿಯಾಗಿ ನಾಲ್ಕು ಗುರುತು ಇರಬೇಕು. ಎರಡೂ ಇಲ್ಲದಿದ್ದರೆ ಚಿತ್ರ ಮಾತ್ರ ಬರೆದು ಸುಮ್ನೆ ಮುಗಿಸುತ್ತದೆ. ಹಾಗಾಗಿ ಮೊದಲು ವಾರ್ಪ್ ಮಾಡಬೇಕು. ಗುರುತುಗಳ ಪ್ರಕಾರ ಚಿತ್ರವನ್ನು ತಿರುಗಿಸಿ, ಉತ್ತರ ಮೇಲೆ ಬರುವ ಹಾಗೆ ಕೂರಿಸಿ, ಜಿಯೋಟಿಫ್ (ಜಾಗದ ಮಾಹಿತಿ ಇರುವ ಟಿಫ್) ಮಾಡಬೇಕು. ಆ ಜಿಯೋಟಿಫ್‌ನಿಂದ ಪಿಡಿಎಫ್. ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ವ್ಯವಸ್ಥೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ವಲಯ 43 ಉತ್ತರ, ಅದಕ್ಕೆ ತಂತ್ರಾಂಶದಲ್ಲಿ ಕೊಡುವ ಇಪಿಎಸ್‌ಜಿ ಸಂಖ್ಯೆ 32643. ಇನ್ಫೋದಲ್ಲಿ ಈಗ ಮೂಲೆಗಳು ಪೂರ್ವಕ್ಕೆ ಐದು ಲಕ್ಷ ಚಿಲ್ಲರೆ, ಉತ್ತರಕ್ಕೆ ಹದಿನೈದು ಲಕ್ಷ ಚಿಲ್ಲರೆ ಮೀಟರ್ ಅಂತ ಬಂದವು. ತೀರ್ಥಹಳ್ಳಿ ಕಡೆಗೆ ಆ ಅಂಕಿ ಸರಿ. ಫೋನಿಗೆ ಹಾಕಿದರೆ ಚುಕ್ಕೆ ಬಂತು.

ಪಿಡಿಎಫ್ ಕೈಗೆ ಬಂದ ತಕ್ಷಣ ಇನ್ಫೋ ಓಡಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಅದನ್ನು ಬಿಟ್ಟು ಫೋನಿಗೆ ಹಾಕಿ, ಗುಡ್ಡ ಹತ್ತಿ ಪರೀಕ್ಷೆ ಮಾಡುವುದು ಬೇಡ.

ವಾರ್ಪ್ ಆದ ಮೇಲೆ ಮೂಲೆಗಳಲ್ಲಿ ಕಪ್ಪು ತ್ರಿಕೋನಗಳು ಬರುತ್ತವೆ. ಆಲ್ಫಾ ಪದರ ಸೇರಿಸಿದರೆ ಅವು ಪಾರದರ್ಶಕ ಆಗುತ್ತವೆ. ಡಿಪಿಐ ಹೇಳದಿದ್ದರೆ ಜಿಡಾಲ್ 72 ಅಂದುಕೊಳ್ಳುತ್ತದೆ. ಆಗ 8000 ಪಿಕ್ಸೆಲ್ ಅಗಲದ ಚಿತ್ರ 111 ಇಂಚಿನ ಪುಟ ಆಗಿಬಿಡುತ್ತದೆ. 300 ಅಂತ ಹೇಳಿದರೆ 27 ಇಂಚಿನ ಒಳಗೆ ನಿಲ್ಲುತ್ತದೆ, ಕಾಗದದ ಅಸಲು ಗಾತ್ರಕ್ಕೂ ಹತ್ತಿರ. ಇನ್ನು ಫೈಲ್ ಸಣ್ಣದಾಗಲಿ ಅಂತ ಜೆಪೆಗ್ ಕಂಪ್ರೆಶನ್ ಹಾಕಬೇಡಿ. ಸಣ್ಣ ಗೆರೆ, ಸಣ್ಣ ಅಂಕಿ ಇರುವ ನಕ್ಷೆಗೆ ಅದು ಆಗಿಬರುವುದಿಲ್ಲ. ಅಂಕಿಗಳ ಸುತ್ತ ಕೊಳೆ ಕಟ್ಟಿದ ಹಾಗೆ ಕಾಣುತ್ತದೆ, 3 ಮತ್ತು 8 ಒಂದೇ ಆಗುತ್ತವೆ. ವಾರ್ಪ್ ಆದ ಚಿತ್ರವನ್ನು ಕೆಲವೇ ಬಣ್ಣಗಳಿಗೆ ಇಳಿಸಿ ಡಿಫ್ಲೇಟ್ ಎಂಬ, ಚಿತ್ರ ಕೆಡಿಸದ ಕಂಪ್ರೆಶನ್ ಹಾಕಿದೆ. ಫೈಲ್ ಸಣ್ಣದಾಯಿತು, ಅಂಕಿ ಚೂಪಾಗಿ ಉಳಿಯಿತು. ಹಳೆಯ ಫೋನಿನಲ್ಲೂ ತಡವರಿಸದೆ ಓಡುತ್ತದೆ.

ವಾಯವ್ಯಕ್ಕೆ ಸರಿಯುವ ಚುಕ್ಕೆ

ಗುಡ್ಡದ ಎತ್ತರ ಗೆರೆಗಳೂ ಇದ್ದರೆ ಪೈಪಿನ ಇಳಿಜಾರು ಅಂದಾಜು ಮಾಡಬಹುದು ಅಂತ ಹಳೆಯ ಒಂದಿಂಚಿನ (ಮೈಲಿಗೆ ಒಂದು ಇಂಚು) ಟೋಪೋ ಹಾಳೆಯನ್ನೂ ಪಿಡಿಎಫ್ ಮಾಡಿದೆ. ಹಾಳೆ ಸಂಖ್ಯೆ 48 ಓ/2. ಅಕ್ಷಾಂಶ 13.5ರಿಂದ 13.75, ರೇಖಾಂಶ 75ರಿಂದ 75.25. ನನ್ನ ಕೈಗೆ ಬಂದ ಜಿಯೋಟಿಫ್‌ನಲ್ಲಿ ಮೂಲೆಗಳಿಗೆ ಈ ಅಂಕಿಗಳನ್ನೇ ಕೊಟ್ಟು, ವ್ಯವಸ್ಥೆ ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಅಂತ ನಮೂದಿಸಿತ್ತು. ಫೋನಿನಲ್ಲಿ ಚುಕ್ಕೆ ಬಂತು, ಆದರೆ ಕೆರೆ ಏರಿಯ ಮೇಲೆ ನಿಂತರೆ ಏರಿಯಿಂದ ನೂರು ಮೀಟರಿಗೂ ಜಾಸ್ತಿ ದೂರ, ವಾಯವ್ಯಕ್ಕೆ. ದೇವಸ್ಥಾನದ ಹತ್ತಿರ ನಿಂತರೂ ವಾಯವ್ಯಕ್ಕೆ, ಹೆಚ್ಚುಕಡಿಮೆ ಅಷ್ಟೇ ದೂರ.

ಗುರುತು ತಪ್ಪಿದ್ದರೆ ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಸರಿಯುತ್ತದೆ. ಎಲ್ಲ ಕಡೆಯೂ ಒಂದೇ ದಿಕ್ಕು, ಒಂದೇ ದೂರ ಅಂದರೆ ಅನುಮಾನ ಡೇಟಮ್ (ಅಕ್ಷಾಂಶ ರೇಖಾಂಶದ ಲೆಕ್ಕಕ್ಕೆ ಹಿಡಿದ ಭೂಮಿಯ ಅಳತೆ) ಮೇಲೆ ಹೋಗಬೇಕು. ಹಳೆಯ ಟೋಪೋ ಹಾಳೆಗಳು ಎವರೆಸ್ಟ್ 1830 ಗೋಳದ ಮೇಲೆ ನಿಂತಿವೆ. ಭೂಮಿಯ ಆಕಾರಕ್ಕೆ ಆಗ ಹಿಡಿದ ಅಳತೆ ಬೇರೆ, ಈಗ ಜಿಪಿಎಸ್ ಬಳಸುವ ಅಳತೆ ಬೇರೆ. ಅಕ್ಷಾಂಶ ರೇಖಾಂಶದ ಅಂಕಿ ಒಂದೇ ಇದ್ದರೂ ಎರಡೂ ತೋರಿಸುವ ನೆಲ ಬೇರೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ಹಾಳೆಗಳು ಡಬ್ಲ್ಯೂಜಿಎಸ್ 84 ಮೇಲೆಯೇ ಇವೆ, ಅವುಗಳಲ್ಲಿ ಈ ತೊಂದರೆ ಇಲ್ಲ.

ಸರಿ ಮಾಡಲು ಚಿತ್ರವನ್ನು ಕೈಯಿಂದ ಪಕ್ಕಕ್ಕೆ ಎಳೆಯಬಾರದು. ಮೂಲೆಗಳ ಅಂಕಿ ಹಾಗೇ ಇರಲಿ, ವ್ಯವಸ್ಥೆಯ ಹೆಸರು ಮಾತ್ರ ಬದಲಾಗಲಿ. ಎವರೆಸ್ಟ್ ಗೋಳದ ವ್ಯವಸ್ಥೆಯಾದ ಕಲಿಯಾನ್‌ಪುರ 1975, ಇಪಿಎಸ್‌ಜಿ 4146 ಅಂತ ಕೊಟ್ಟು, ಅಲ್ಲಿಂದ 32643ಕ್ಕೆ ವಾರ್ಪ್ ಮಾಡಿದೆ. ಕ್ಯೂಜಿಐಎಸ್ ಯಾವ ರೂಪಾಂತರ ಬಳಸಲಿ ಅಂತ ಕೇಳಿದಾಗ ಓದದೆ ಓಕೆ ಒತ್ತಬೇಡಿ. ಭಾರತಕ್ಕೆ ಇರುವ ಸಾಲಿನಲ್ಲಿ 295, 736, 257 ಎಂಬ ಮೂರು ಅಂಕಿಗಳು ಕಾಣುತ್ತವೆ, ಅದನ್ನೇ ಆರಿಸಿ. ಏನೂ ರೂಪಾಂತರ ಇಲ್ಲದ ಸಾಲನ್ನು ಆರಿಸಿದರೆ ಸರಿದ ಚುಕ್ಕೆ ಸರಿದೇ ಇರುತ್ತದೆ. ಈಗ ಏರಿಯ ಮೇಲೆ ನಿಂತರೆ ಚುಕ್ಕೆ ಏರಿಯ ಗೆರೆಯ ಪಕ್ಕದಲ್ಲೇ ಬರುತ್ತದೆ. ಒಂದಿಂಚಿನ ಹಾಳೆಯಲ್ಲಿ ಒಂದು ಮಿಲಿಮೀಟರಿಗೆ 63 ಮೀಟರ್ ನೆಲ, ಅದರಿಂದ ಇದಕ್ಕಿಂತ ಜಾಸ್ತಿ ನಿರೀಕ್ಷಿಸುವುದು ಸರಿಯಲ್ಲ.

ಇದೇ ಜಾತಿಯ ಇನ್ನೊಂದು ತೊಂದರೆ ಅಕ್ಷಾಂಶ ರೇಖಾಂಶ ಅದಲುಬದಲಾಗುವುದು. ಕೆಲವು ಕಡೆ ಅಕ್ಷಾಂಶ ಮೊದಲು, ಕೆಲವು ಕಡೆ ರೇಖಾಂಶ ಮೊದಲು. ನಮ್ಮೂರಿನ ಅಂಕಿ ಅದಲುಬದಲಾದರೆ ನಕ್ಷೆ ನಾರ್ವೆಯ ಉತ್ತರದ ಸಮುದ್ರಕ್ಕೆ ಹೋಗಿ ಕೂರುತ್ತದೆ. ಫೋನ್ ನೀವು ನಕ್ಷೆಯಿಂದ ಸಾವಿರಾರು ಕಿಲೋಮೀಟರ್ ದೂರ ಇದ್ದೀರಿ ಅಂದರೆ ಮೊದಲು ಇದನ್ನೇ ನೋಡಿ.

ಪೈಪಿನ ಪದರ, ಹಂಚುವುದು

ಒರತೆ, ಪೈಪು, ವಾಲ್ವ್, ಟ್ಯಾಂಕಿಗಳನ್ನು ಹಿರಿಯರ ಜೊತೆ ನಡೆದು ಗುರುತಿಸಿ, ಕ್ಯೂಜಿಐಎಸ್‌ನ ಪ್ರಿಂಟ್ ಲೇಔಟ್‌ನಲ್ಲಿ ನಕ್ಷೆಯ ಮೇಲೆ ಹಾಕಿದೆ. ಜಿಯೋಸ್ಪೇಷಿಯಲ್ ಪಿಡಿಎಫ್ ಎಂಬ ಟಿಕ್ ಹಾಕಿ ಎಕ್ಸ್‌ಪೋರ್ಟ್ ಮಾಡಿದರೆ ಇನ್ಫೋ ಸರಿ ಅನ್ನುತ್ತದೆ, ಆದರೂ ಚುಕ್ಕೆ ಊರು ಬಿಟ್ಟು ಎಲ್ಲೋ ಇತ್ತು. ಲೇಔಟ್‌ನ ಮೂಲೆಯಲ್ಲಿ ಇಡೀ ಜಿಲ್ಲೆ ತೋರಿಸುವ ಚಿಕ್ಕ ನಕ್ಷೆಯೂ ಇತ್ತು. ಲೇಔಟ್‌ನ ರೆಫರೆನ್ಸ್ ಮ್ಯಾಪ್ ಜಾಗದಲ್ಲಿ ಆ ಚಿಕ್ಕ ನಕ್ಷೆಯ ಹೆಸರು ಕೂತಿತ್ತು. ಪುಟದ ಜಾಗದ ಲೆಕ್ಕವೆಲ್ಲ ಅದರ ಮೇಲೆ ನಿಂತಿತ್ತು. ದೊಡ್ಡ ನಕ್ಷೆಯನ್ನು ಆರಿಸಿದ ಕೂಡಲೇ ಸರಿಯಾಯಿತು. ಇನ್ಫೋದಲ್ಲಿ ಅಂಕಿ ಬಂದರೆ ಸಾಲದು, ಆ ಅಂಕಿ ನಮ್ಮೂರಿನದ್ದಾ ಅಂತಲೂ ನೋಡಬೇಕು, ಅಲ್ವಾ.

ಹಂಚುವಾಗ ಊರಿನವರಿಗೆ ಎರಡು ಮಾತು ಹೇಳಿದ್ದೇನೆ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತಲೇ ಕಳಿಸಿ, ಸ್ಕ್ರೀನ್‌ಶಾಟ್ ಬೇಡ. ಪಿಡಿಎಫ್ ಅನ್ನು ಇನ್ನೊಂದು ಸಲ ಪಿಡಿಎಫ್ ಆಗಿ ಪ್ರಿಂಟ್ ಮಾಡಬೇಡಿ, ಸಣ್ಣದು ಮಾಡಿಕೊಡುವ ವೆಬ್‌ಸೈಟಿಗೂ ಹಾಕಬೇಡಿ. ಕಣ್ಣಿಗೆ ಪುಟ ಮೊದಲಿನ ಹಾಗೇ ಕಾಣುತ್ತದೆ, ಒಳಗಿನ ಜಾಗದ ಮಾಹಿತಿ ಹೋಗಿರುತ್ತದೆ.

ಮತ್ತೆ, ಇದು ಗಡಿ ಜಗಳಕ್ಕೆ ಆಗುವ ನಕ್ಷೆ ಅಲ್ಲ. ಹತ್ತು ಮೀಟರ್ ಆಚೀಚೆ ಇರುವ ಚುಕ್ಕೆ ನೋಡಿ ಯಾರೂ ಬೇಲಿ ಹಾಕಬಾರದು. ಅದಕ್ಕೆ ಸರ್ವೆ ಇಲಾಖೆಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಬೇಕು. ಈ ಮಾತನ್ನು ನಕ್ಷೆಯ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಸದ್ಯ ಪೈಪಿನ ಹೆಚ್ಚಿನ ಜಾಯಿಂಟ್‌ಗಳು ಚುಕ್ಕೆಯ ಆಸುಪಾಸಿನಲ್ಲೇ ಸಿಗುತ್ತಿವೆ. ನಕ್ಷೆಯ ನಡುವಿನ ಮಡಿಕೆಯ ಹತ್ತಿರ, ದೊಡ್ಡ ಹಳ್ಳದ ಆಚೆ ದಡದಲ್ಲಿ ಮಾತ್ರ ವ್ಯತ್ಯಾಸ ಇನ್ನೂ ಜಾಸ್ತಿ ಇದೆ. ಅಲ್ಲಿ ಒಂದು ಬಾಂದು ಕಲ್ಲು ಇದೆ ಅಂತ ಚಿಕ್ಕಪ್ಪ ಹೇಳುತ್ತಾರೆ. ಮಳೆ ಕಡಿಮೆಯಾಗಿ ಹಳ್ಳ ದಾಟುವ ಹಾಗಾದ ಮೇಲೆ ಅದರ ಜಿಪಿಎಸ್ ತೆಗೆದು, ಹನ್ನೆರಡನೇ ಗುರುತಾಗಿ ಸೇರಿಸಿ, ಮತ್ತೆ ವಾರ್ಪ್ ಮಾಡಬೇಕು.